ಐದು ವಾರದ ಓಟ

ಆಯಿ ಹೇಳುತ್ತಿದ್ದ ಒಂದು ಕತೆಯಲ್ಲಿ, ಸುಳ್ಳು ಅಳೆದ ಕೋಲು ಅಳೆದವನ ಕೈಯಲ್ಲೇ ಹಾವಾಗುತ್ತಿತ್ತು. ಜಮಖಂಡಿಯ ಮೈದಾನದಲ್ಲಿ ಪರಮಾನಂದ ಸರ್ ಹಿಡಿದಿದ್ದ ಟೇಪು ಏನೂ ಆಗಲಿಲ್ಲ.

ಕ್ರೀಡಾ ಹಾಸ್ಟೆಲಿಗೆ ಖೋ-ಖೋ ಆಯ್ಕೆ, ನಡೆಸುವವರು ಅವರೇ. ವಯಸ್ಸಿನ ಮಿತಿಯಲ್ಲಿ ನನಗಿದು ಕೊನೆಯ ವರ್ಷ. ನಡುಗೆರೆಯಿಂದ ಬಲಕ್ಕೆ ಓಡಿ ಗೆರೆ ಮುಟ್ಟಬೇಕು, ಗಕ್ಕನೆ ತಿರುಗಿ ಎಡತುದಿ ಮುಟ್ಟಬೇಕು, ಮತ್ತೆ ತಿರುಗಿ ನಡುಗೆರೆ ದಾಟಬೇಕು. ಐದು ಪಾಯಿಂಟ್ ಎರಡು ಸೆಕೆಂಡಿನೊಳಗೆ. ನನ್ನದು ಐದು ಪಾಯಿಂಟ್ ನಾಲ್ಕು. ಬನಹಟ್ಟಿಯಿಂದ ಹೋದ ಹನ್ನೆರಡು ಹುಡುಗಿಯರಲ್ಲಿ ಒಬ್ಬಳೂ ಪಾಸಾಗಲಿಲ್ಲ.

"ಬನಹಟ್ಟಿ ಮಂದಿ. ಮಗ್ಗದ ಮುಂದ ಕುಂತು ಕುಂತು ಕಾಲು ಜಡ್ಡ ಹಿಡದಾವ," ಎಂದು ಸರ್ ನಕ್ಕರು. ಹುಡುಗಿಯರು ತಲೆ ತಗ್ಗಿಸಿ ಗೇಟಿನತ್ತ ಹೊರಟರು. ನನಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದ ಸುತ್ತೋಲೆಯನ್ನು ಎತ್ತಿ ಓದಿದೆ.

"ಸರ, ಇದರಾಗ ಐದು ವಾರ, ಹತ್ತು ವಾರ, ಐದು ವಾರ ಅಂತ ಐತ್ರಿ."

"ಅದು ಪ್ರ್ಯಾಕ್ಟೀಸ್ ಮಾಡೂ ಟೈಮು. ಓಟದ ಅಳತಿ ಮೀಟರಿನಾಗ ಇರತೈತಿ. ಅಷ್ಟು ವಾರ ನೀವೆಲ್ಲಿ ಮಾಡೀರಿ? ಅದಕ್ಕ ಫೇಲು."

ನನ್ನ ಜೊತೆ ಬಂದಿದ್ದ ಆಯಿ, ಅವ್ವನ ಅವ್ವ ಶಿವವ್ವ, ಬನಹಟ್ಟಿಯಲ್ಲಿ ಮೂವತ್ತು ವರ್ಷ ಸೀರೆ ಅಳೆದು ಮಡಚಿದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಯಪ್ಪಾ, ನಾ ಉಟ್ಟದ್ದು ಒಂಬತ್ತು ವಾರದ ಸೀರಿ. ಒಂಬತ್ತು ವಾರ ಆತು ಒಗದಿಲ್ಲ ಅಂತ ತಿಳದೀರೇನ್ರಿ? ವಾರ ಅಂದ್ರ ಮೂರು ಫೂಟು. ಟೇಪಿನ ಹಿಂದಿನ ಮಗ್ಗಲಾ ನೋಡ್ರಿ."

ನಾನೇ ಟೇಪು ಎಳೆದೆ. ಐದು ವಾರಕ್ಕೆ ಹದಿನೈದು ಅಡಿ. ಗೆರೆಯ ಗುರುತಿಗೆ ಸರ್ ಐದು ಮೀಟರಿಗೆ ಇಟ್ಟಿದ್ದ ಪ್ಲಾಸ್ಟಿಕ್ ಕೋನು ಇನ್ನೂ ಸುಮಾರು ಒಂದಡಿ ಐದು ಇಂಚು ಆಚೆ ನಿಂತಿತ್ತು.

"ಹೋಗಿ ಬಂದು ನಾಕು ಸಲ ಕೂಡಿಸಿ ಐದೂವರಿ ಫೂಟಿಗೂ ಹೆಚ್ಚಿಗಿ ಓಡಿಸೀರಿ. ಮ್ಯಾಲೆ ನಮ್ಮ ಕಾಲು ಜಡ್ಡೇನ್ರಿ?" ಎಂದೆ.

ಸರ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಗದ್ದಲ ಬ್ಯಾಡ ಸೌಂದರ್ಯಾ. ಲಿಸ್ಟ್ ಇನ್ನೂ ಕಳಿಸಿಲ್ಲ. ನೀ ಒಬ್ಬಾಕಿ ಇನ್ನೊಮ್ಮಿ ಓಡು. ಸೀಟು ಆತು ಅಂತ ತಿಳಿ."

ಸೀಟು! ಒಂದು ಗಳಿಗೆ ನನ್ನ ಕಾಲು ಗೆರೆಯತ್ತ ಹೊರಟಿದ್ದು ಖರೆ.

"ಉಳದ ಹನ್ನೊಂದು ಮಂದಿ?"

"ಅವ್ರು ಹ್ವಾದ್ರಲ್ಲವಾ."

"ಇನ್ನೂ ಆಟೋ ಹತ್ತಿಲ್ರಿ!"

ಗಕ್ಕನೆ ತಿರುಗಿ ಗೇಟಿನ ಕಡೆ ಓಡಿದೆ. "ಅಕ್ಷತಾ! ನಿಲ್ರಿ ಲೇ! ಅಳತೀನ ತಪ್ಪೈತಿ, ನಾವಲ್ಲ!"

ತಿರುಗಿ ನೋಡಿದಾಗ ಸರ್ ಅವಸರದಿಂದ ಟೇಪಿನ ಹಿಡಿಕೆ ತಿರುವುತ್ತಿದ್ದರು. ಅದು ಸುತ್ತಿಕೊಳ್ಳಲಿಲ್ಲ. ಆಯಿ ಅದರ ಬಾಲ ತುಳಿದುಕೊಂಡು ನಿಂತಿದ್ದಳು.