ನೆಲದ ಸೇಬು

ಮಂಗಳವಾರದ ಹಗಲಿನಲ್ಲಿ ಭಾನುವಾರದ ಟೋಪಿ ಹಾಕಿಕೊಂಡು ಅಲ್ಫೊನ್ಸಿನ್ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿದ್ದಳು. ಗಿರಣಿಯಲ್ಲಿ ಅರ್ಧ ಪಾಳಿ ಬಿಡಿಸಿಕೊಂಡು ನೇರವಾಗಿ ಬಂದಿದ್ದಳು. ಟೋಪಿಯ ಅಂಚಿನಿಂದ ಇಣುಕುವ ಕೂದಲಿಗೆ ಹತ್ತಿಯ ಎಳೆಗಳು ಅಂಟಿದ್ದವು. ಬಾಗಿಲಲ್ಲಿ ಕಾಯುತ್ತಿದ್ದ ಮಗಳು ಫ್ಲೋರೆಟ್‌ಗೆ ಓಡಿಹೋಗಿ ಅವನ್ನು ಹೆಕ್ಕಿಬಿಡಬೇಕೆನಿಸಿತು. ಇವಳು ಯಾರ ಅಮ್ಮನೋ ಎಂಬಂತೆ ಕಂಬದ ಹಿಂದೆ ಸರಿದುಬಿಡಬೇಕೆಂದೂ ಅನಿಸಿತು. ಹದಿನೈದರ ವಯಸ್ಸಿಗೆ ಎರಡೂ ಒಟ್ಟಿಗೇ ಅನಿಸುತ್ತವೆ.

"ಎಲ್ಲವ್ರೆ ನಿಮ್ಮ ಮೇಡಮ್ಮೋರು?" ಅಲ್ಫೊನ್ಸಿನ್ ಕೇಳಿದಳು. ಮಗ್ಗಗಳ ಸದ್ದಿನಲ್ಲಿ ಅರ್ಧ ಕಿವಿ ಕಳಕೊಂಡವಳ ಗಂಟಲು ಅದು, ಇಡೀ ಮೊಗಸಾಲೆಗೆ ಕೇಳಿಸಿತು.

"ಮೆತ್ತಗೆ ಅಮ್ಮಾ."

"ಯಾಕೆ? ನಾನೇನು ಕಳ್ತನಕ್ಕೆ ಬಂದಿದ್ದೀನಾ?"

ಕಳ್ಳತನವೇನಲ್ಲ, ಆದರೆ ಹೆಚ್ಚುಕಡಿಮೆ ಅದೇ. ಇಂಗ್ಲಿಷಿನವರ ಈ ಊರಿನಲ್ಲಿ ಗಿರಣಿಯವರ ಮನೆಮಾತು ಫ್ರೆಂಚ್, ಆದರೆ ಶಾಲೆಗಳ ಆವರಣದಲ್ಲಿ ಅದನ್ನು ಆಡುವ ಹಾಗಿರಲಿಲ್ಲ. ಆಡಿದ ತಪ್ಪಿಗೆ 'ನಾನು ಶಾಲೆಯಲ್ಲಿ ಫ್ರೆಂಚ್ ಆಡುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ನೂರು ಸಲ ಬರೆದೇ ಫ್ಲೋರೆಟ್‌ಳ ಅಕ್ಷರ ದುಂಡಗಾಗಿತ್ತು. ಅದೇ ಫ್ರೆಂಚನ್ನು ಹೈಸ್ಕೂಲಿನ ಹನ್ನೆರಡನೇ ಕೋಣೆಯಲ್ಲಿ, ಮೂರನೇ ಪೀರಿಯಡ್ಡಿನಲ್ಲಿ, ಪುಸ್ತಕ ಹಿಡಿದು ಕಲಿಸುತ್ತಿದ್ದರು. ದೊಡ್ಡವರ ನ್ಯಾಯ ದೊಡ್ಡವರಿಗೇ ಅರ್ಥವಾಗಬೇಕು.

ಕೆಳಗಿನ ಕಮ್ಮಟದಲ್ಲಿ ಹುಡುಗರು ಮರ ಕೊಯ್ಯುವ ಸದ್ದು ಬರುತ್ತಿತ್ತು. ಎದುರಿನ ಗೃಹವಿಜ್ಞಾನದ ಕೋಣೆಯಿಂದ ಹಾಲು, ಹಿಟ್ಟು, ಬೆಣ್ಣೆ ಕಾಯುವ ವಾಸನೆ. ನದಿಯಾಚೆಯ ಗಿರಣಿ ಕೇರಿಯ ಗಂಡುಮಕ್ಕಳಿಗೆ ಕಮ್ಮಟ, ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಹಟ ಮಾಡಿ ಹನ್ನೆರಡನೇ ಕೋಣೆಗೆ ಹೋಗಿ ಕೂತವಳು ಫ್ಲೋರೆಟ್ ಒಬ್ಬಳೇ. ಶಿಕ್ಷಕರ ತರಬೇತಿಗೆ ಸೇರಬೇಕಾದರೆ ಎರಡು ವರ್ಷದ ಭಾಷಾಪಾಠ ಬೇಕೇ ಬೇಕು. ಫ್ರೆಂಚ್ ತಾನೇ, ಮೀನಿನ ಮರಿಗೆ ಈಜು ಕಲಿಸಬೇಕೇ ಎಂದುಕೊಂಡಿದ್ದಳು. ಅರ್ಧವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೀನಿನ ಮರಿಯೇ ಮುಳುಗಿತು. ಚಿತ್ರದಲ್ಲಿದ್ದ ಆಲೂಗಡ್ಡೆಯನ್ನು ಮನೆಯಲ್ಲಿ ಅನ್ನುವಂತೆ 'ಪತಾತ್' ಅಂದಳು. ಮೋಟಾರನ್ನು ಬಂಡಿ ಅಂದಳು. 'ನಾನು' ಅನ್ನುವ ಮಾತೇ ಅವಳ ಬಾಯಲ್ಲಿ ತಪ್ಪಾಗಿ ಹೊರಟಿತು. ಗಿರಣಿ ಮ್ಯಾನೇಜರನ ಮಗಳಿಗೆ ತೊಂಬತ್ತೆರಡು ಬಂತು, ಇವಳಿಗೆ ಐವತ್ತೆಂಟು. ಸೋಮವಾರದಿಂದ ಗೃಹವಿಜ್ಞಾನಕ್ಕೆ ಹೋಗತಕ್ಕದ್ದು, ಪೋಷಕರು ಬಂದು ಕಾಣತಕ್ಕದ್ದು ಎಂದು ಚೀಟಿಯೂ ಬಂತು.

ಫ್ರೆಂಚ್ ಟೀಚರ್ ಮಿಸ್ ಹ್ಯಾಸ್ಕೆಲ್ ಕೆಟ್ಟವಳಲ್ಲ. ಎರಡು ಬೇಸಿಗೆ ಪ್ಯಾರಿಸ್‌ನಲ್ಲಿದ್ದು ಬಂದವಳು, ಆ ಎರಡು ಬೇಸಿಗೆಯ ನೆನಪಿನಲ್ಲೇ ಹದಿನೆಂಟು ಚಳಿಗಾಲಗಳನ್ನು ಇಲ್ಲಿ ಕಳೆದವಳು. ಎದ್ದು ನಿಂತು, ಅಲ್ಫೊನ್ಸಿನ್‌ಗೆ ಕುರ್ಚಿ ತೋರಿಸಿ, ಪುಸ್ತಕದ ಫ್ರೆಂಚಿನಲ್ಲಿ ನಿಧಾನವಾಗಿ ಸ್ವಾಗತ ಹೇಳಿದಳು. ಅಲ್ಫೊನ್ಸಿನ್‌ಳ ಮುಖ ಅರಳಿತು. ಇಷ್ಟು ಅಚ್ಚುಕಟ್ಟಾದ ಮಾತನ್ನು ಅವಳು ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಧೈರ್ಯ ಬಂದು ಬಾಯಿಬಿಟ್ಟಳು.

"ಮೇಡಮ್ಮೋರೆ, ಇಪ್ಪತ್ತೊಂದು ವರ್ಸದಿಂದ ನಾನು ಗಿರಣೀಲಿ ನಿಂತಿವ್ನಿ. ಇವಳನ್ನ ಅಲ್ಲಿಗೆ ಕಳಿಸಾಕಿಲ್ಲ. ಇವಳು ಓದಿ ಟೀಚರಾಗಬೇಕು. ತಪ್ಪು ಮಾಡವ್ಳೆ, ಹೂಂ, ಬೈರಿ. ಹೊಡೀರಿ ಬೇಕಾದ್ರೆ. ಆದ್ರೆ ಇನ್ನೊಂದು ಆರು ತಿಂಗಳು ಇಟ್ಕಳಿ. ದಮ್ಮಯ್ಯ ಅಂತೀನಿ."

ಮಿಸ್ ಹ್ಯಾಸ್ಕೆಲ್ ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದಳು. ಇನ್ನೊಂದು ಕಡೆಗೆ ವಾಲಿಸಿದಳು. ಕೊನೆಗೆ ಫ್ಲೋರೆಟ್ ಕಡೆಗೆ ತಿರುಗಿ, ಶಾಲೆಯಲ್ಲಿ ಇಟ್ಟ ಹೆಸರು ಹಿಡಿದು ಇಂಗ್ಲಿಷಿನಲ್ಲಿ, "ಫ್ಲೋರಾ, ಇವರು ಯಾವ ಭಾಷೆ ಮಾತಾಡ್ತಿದ್ದಾರೆ?" ಅಂದಳು.

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದ್ದಳು. ಹಿಂದಿನ ಬೆಂಚಿನಲ್ಲಿ ಕಾಪಿ ಬರೆಯುತ್ತಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಫ್ಲೋರೆಟ್‌ಗೆ. ಫ್ರೆಂಚ್ ಟೀಚರಿಗೆ ಅಮ್ಮನ ಫ್ರೆಂಚನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು, ದಮ್ಮಯ್ಯ ಅಂದದ್ದೊಂದನ್ನು ಬಿಟ್ಟು.

ಮಿಸ್ ಹ್ಯಾಸ್ಕೆಲ್ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡಳು. "ನೋಡು ಫ್ಲೋರಾ, ಬೇರೆ ಹುಡುಗಿಯರು ಕಲಿತರೆ ಸಾಕು. ನೀನು ಮೊದಲು ಮರೀಬೇಕು. ನಾನು ಬೆಳಿಗ್ಗೆ ಕಟ್ಟಿದ್ದನ್ನ ನಿನ್ನ ಮನೆ ಸಂಜೆಗೆ ಕೆಡವುತ್ತೆ. ಒಂದೇ ಒಂದು ದಾರಿ ಇದೆ. ಇನ್ನು ಮನೇಲಿ ನಿನ್ನೆದುರಿಗೆ ಈ... ಈ ಮಾತು ಆಡೋದಿಲ್ಲ ಅಂತ ನಿಮ್ಮಮ್ಮ ಒಪ್ಪಲಿ. ಇಂಗ್ಲಿಷ್ ಆಡಲಿ, ಬರದಿದ್ರೆ ಸುಮ್ಮನಿರಲಿ. ಹಾಗಾದ್ರೆ ಜೂನ್‌ವರೆಗೂ ಇಟ್ಕೋತೀನಿ. ಕೇಳು ಅವರನ್ನ."

"ಏನಂದ್ರು?" ಇಂಗ್ಲಿಷ್ ಬಾರದ ಅಲ್ಫೊನ್ಸಿನ್ ಮಗಳ ತೋಳು ಹಿಡಿದಳು. "ಒಸಿ ಯೋಳು."

ಫ್ಲೋರೆಟ್ ಅಮ್ಮನ ಮುಖ ನೋಡಿದಳು. ಕೇಳಿದರೆ ಅಮ್ಮ ಸಿಟ್ಟಾಗುತ್ತಾಳೆಂಬ ಭಯ ಅವಳಿಗಿರಲಿಲ್ಲ. ಒಪ್ಪಿಕೊಂಡುಬಿಡುತ್ತಾಳೆಂಬ ಭಯ. ಮರುಮಾತಿಲ್ಲದೆ ಹೂಂ ಅಂದು, ಮನೆಗೆ ಹೋಗಿ, ಒಲೆಯ ಮುಂದೆ ತುಟಿ ಹೊಲಿದುಕೊಂಡು ಕೂರುತ್ತಾಳೆ. ಆಡಿದ ಮಾತಿಗೆಲ್ಲ ಕುಶಾಲು ಸೇರಿಸುವ, ಪಾತ್ರೆ ಜಾರಿದರೂ ಪಾತ್ರೆಗೇ ಬೈಯುವ ಅಮ್ಮ. ಎರಡೂ ಕಡೆಯವರು ಅವಳ ಬಾಯನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನವರೂ ನೋಡುತ್ತಿದ್ದರು. ಬೇಗ ಮುಗಿದರೆ ಸಾಕಾಗಿತ್ತು.

"ಆಗಲಿ, ಇರು ಅಂದ್ರು ಅಮ್ಮಾ," ಎಂದು ಮನೆಮಾತಿನಲ್ಲಿ ಅವಸರವಾಗಿ ಅಂದಳು. ಆಮೇಲೆ ಟೀಚರ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, "ಗೃಹವಿಜ್ಞಾನವೇ ವಾಸಿ ಅಂತಾರೆ ನಮ್ಮಮ್ಮ," ಅಂದಳು.

ಅಲ್ಫೊನ್ಸಿನ್ ಎದ್ದವಳೇ ಟೀಚರ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ಕುಲುಕಿದಳು. ಕಣ್ಣು ತುಂಬಿತ್ತು. ಇಷ್ಟು ಸಂತೋಷದಿಂದ ಮಗಳನ್ನು ಅಡುಗೆ-ಹೊಲಿಗೆಯ ಪಾಠಕ್ಕೆ ಒಪ್ಪಿಸುವ ತಾಯಿಯನ್ನು ಮಿಸ್ ಹ್ಯಾಸ್ಕೆಲ್ ಕಂಡಿರಲಿಲ್ಲವೇನೋ, ಸ್ವಲ್ಪ ಬೇಸರದಿಂದಲೇ ನಕ್ಕಳು. ಗೃಹವಿಜ್ಞಾನಕ್ಕೆ ಒಪ್ಪಿಗೆಯ ಕಾಗದ ಮುಂದಿಟ್ಟಳು. ಓದು ಬಾರದ ಅಲ್ಫೊನ್ಸಿನ್ ಅದರ ಕೆಳಗೆ ಶಿಲುಬೆಯ ಗುರುತು ಹಾಕಿದಳು.

ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ನದಿ ಅರ್ಧ ಹೆಪ್ಪುಗಟ್ಟಿತ್ತು. ಅಲ್ಫೊನ್ಸಿನ್ ಟೋಪಿ ಹಿಡಿದುಕೊಂಡು ನಡೆಯುತ್ತಾ, "ಎಂಥಾ ಮಾತು ಕಣೆ ಆ ಯಮ್ಮಂದು! ಬೆಣ್ಣೇಲಿ ಚಾಕು ಹೋದಂಗೆ," ಅಂದಳು. "ದಿನಾ ಒಂದು ಮಾತು ನಂಗೂ ಯೋಳಿಕೊಡು. ಅವತ್ತು ಯಾವ್ದು ತಪ್ಪು ಅಂದ್ರು, ಮೊದ್ಲು ಅದನ್ನೇ ಯೋಳು."

"ಪತಾತ್ ಅನ್ನಬಾರದಂತೆ."

"ಮತ್ತೇನನ್ನಬೇಕಂತೆ?"

"ಪೊಮ್ ದ ತೆರ್."

"ನೆಲದ ಸೇಬು!" ಅಲ್ಫೊನ್ಸಿನ್ ನಿಂತೇಬಿಟ್ಟಳು. "ಅಯ್ಯೋ ದೇವ್ರೆ. ಇಷ್ಟು ವರ್ಸ ಸೇಬು ತಿಂತಾ ಇದ್ವಿ, ಗೊತ್ತೇ ಇರ್ಲಿಲ್ಲ ನೋಡು." ತನ್ನ ಮಾತಿಗೆ ತಾನೇ ನಕ್ಕಳು. ಫ್ಲೋರೆಟ್ ನಗಲಿಲ್ಲ. ಇವತ್ತೇ ಹೇಳಿಬಿಡಬೇಕು ಅಂದುಕೊಂಡಳು. ನಾಳೆ ಅಂದುಕೊಂಡಳು.

ಸೋಮವಾರದಿಂದ ಮೂರನೇ ಪೀರಿಯಡ್ಡಿನಲ್ಲಿ ಅವಳು ಏಪ್ರನ್ನಿನ ಅಂಚು ಮಡಿಸಿ ಹೊಲಿಯತೊಡಗಿದಳು. ಎದುರಿನ ಹನ್ನೆರಡನೇ ಕೋಣೆಯಲ್ಲಿ ಮ್ಯಾನೇಜರನ ಮಗಳು ಕ್ರಿಯಾಪದ ಒಪ್ಪಿಸುವುದು ಕೇಳಿಸುತ್ತಿತ್ತು. ಸಂಜೆ ಅಮ್ಮನಿಗೆ ದಿನಕ್ಕೊಂದು ಮಾತು ಕೊಡಬೇಕಿತ್ತು. ಪುಸ್ತಕ ವಾಪಸು ಕೊಟ್ಟಾಗಿತ್ತು. ಮೊದಲ ನಾಲ್ಕು ತಿಂಗಳಲ್ಲಿ ಕಲಿತದ್ದರಲ್ಲೇ ಒಂದೊಂದಾಗಿ ತೆಗೆದು ಕೊಟ್ಟಳು. ಕಿಟಕಿ, ಚಮಚ, ಮಂಜು, ಕೈಗವಸು. ಮಾರ್ಚ್ ಬರುವ ಹೊತ್ತಿಗೆ ಅದೂ ತಳ ಕಂಡಿತು. ಅಮ್ಮ ಮಾತ್ರ ಒಂದನ್ನೂ ಮರೆಯಲಿಲ್ಲ. ಬಾಯಿ ತೆರೆಯುವ ಮುಂಚೆ ಒಂದು ಗಳಿಗೆ ತಡೆದು, ಸರಿಯಾದ ಮಾತನ್ನು ಹುಡುಕಿ, ಸಿಗದಿದ್ದರೆ ಹೇಳಬೇಕಾದ್ದನ್ನೇ ಬಿಟ್ಟುಬಿಡುತ್ತಿದ್ದಳು. ಮನೆಯಲ್ಲಿ ಕುಶಾಲು ಕಡಿಮೆಯಾಗಿತ್ತು.

ಒಂದು ಶುಕ್ರವಾರ ಸಂಜೆ ಅಲ್ಫೊನ್ಸಿನ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ ಆಲೂಗಡ್ಡೆ ಹೆರೆಯುತ್ತಿದ್ದಳು. ಫ್ಲೋರೆಟ್ ಎದುರಿಗೆ ಕೂತು, ಸೂಜಿ ಚುಚ್ಚಿದ ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ಎರಡು ವರ್ಷದ ತಂಗಿ ಸಿಮೋನ್ ಮೇಜಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು, "ಪತಾತ್! ಪತಾತ್!" ಎಂದು ಕೂಗಿತು. ಅದಕ್ಕೆ ಬರುತ್ತಿದ್ದದ್ದೇ ಹತ್ತು ಮಾತು.

"ಹಂಗನ್ನಬಾರ್ದು ಕಂದಾ," ಅಲ್ಫೊನ್ಸಿನ್ ಚಾಕು ಕೆಳಗಿಟ್ಟಳು. "ಪೊಮ್ ದ ತೆರ್. ಅನ್ನು." ಆಮೇಲೆ ಫ್ಲೋರೆಟ್ ಕಡೆಗೆ ತಿರುಗಿ, ಪಾಠ ಒಪ್ಪಿಸುವ ಹುಡುಗಿಯಂತೆ ಮೆಲ್ಲಗೆ, "ಸರಿಯಾಗಿ ಅಂದ್ನಾ?" ಅಂದಳು.

"ಸರಿಯಾಗೇ ಅಂದೆ ಅಮ್ಮಾ."

ಅಲ್ಫೊನ್ಸಿನ್ ತಲೆದೂಗಿ ಮತ್ತೆ ಚಾಕು ಎತ್ತಿಕೊಂಡಳು. ಸಿಮೋನ್ ಅಮ್ಮನ ಮುಖವನ್ನೂ ಅಕ್ಕನ ಮುಖವನ್ನೂ ನೋಡಿತು. ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಏನೂ ಅನ್ನದೆ, ಮೇಜಿನ ಮೇಲಿದ್ದದ್ದನ್ನು ಬೆರಳಿನಿಂದ ತೋರಿಸಿತು.