ತೋಟಾ ಪಟ್ಟಿ ಹೊತ್ತ ಗಿಟಾರು

ಎಂಬತ್ತರ ದಶಕದ ನಡುವಿನ ಮಾತು. ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಶರಾವತಿಗೆ, ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಸೋದರಮಾವ ಮಾಸ್ತಪ್ಪ ಸಿಂಗಾಪುರದಿಂದ ಒಂದು ಗಿಟಾರು ತಂದುಕೊಟ್ಟ. ನೋಡಲು ಎಲ್ಲ ಗಿಟಾರಿನ ಹಾಗೆಯೇ ಮರದ ಹೊಟ್ಟೆ, ನಡುವೆ ದುಂಡನೆಯ ಬಾಯಿ. ಆದರೆ ಪಕ್ಕೆಯಲ್ಲಿ ವೈರು ಸಿಕ್ಕಿಸಲು ಒಂದು ತೂತು, ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಗೂಡು. ಆ ಗೂಡಿನಲ್ಲಿ ಬ್ಯಾಟರಿ ಇದ್ದರೆ ತಂತಿಯ ದನಿ ಆಂಪ್ಲಿಫೈಯರಿಗೆ ಹೋಗಿ ಮೈದಾನಕ್ಕೆಲ್ಲ ಕೇಳುತ್ತಿತ್ತು. ಇಲ್ಲದಿದ್ದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ. ಮಾವ ತಂದಾಗ ಒಳಗಿದ್ದ ಬ್ಯಾಟರಿ ಬೇಸಿಗೆ ಮುಗಿಯುವುದರೊಳಗೆ ತೀರಿಹೋಯಿತು. ಅಷ್ಟರಲ್ಲಿ ಮಾವ ಮತ್ತೆ ಹಡಗು ಹತ್ತಿದ್ದ. ಶರಾವತಿ ಸಾಗರದ ಮುಕುಂದಯ್ಯನ ಆರ್ಕೆಸ್ಟ್ರಾ ಸೇರಿದ್ದಳು.

ಮಾಸ್ತಿಕಟ್ಟೆಯ ಗಣಪತಿ ಕಾರ್ಯಕ್ರಮಕ್ಕೆ ಅವಳು ಸಾಗರದ ಪೇಟೆಯಲ್ಲಿ ಸಿಕ್ಕಿದ ಬ್ಯಾಟರಿಯನ್ನೇ ಹಾಕಿಕೊಂಡು ಹೋದಳು. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಸ್ಪೀಕರಿನಿಂದ ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು ಶುರುವಾಯಿತು. ಜನ ನಕ್ಕರು. ಮುಕುಂದಯ್ಯ ಹಾಡುತ್ತಲೇ ಬಂದು ಗಿಟಾರಿನ ವೈರನ್ನು ಕಿತ್ತುಹಾಕಿದ.

ಕಾರ್ಯಕ್ರಮ ಮುಗಿದ ಮೇಲೆ ಅವನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಇನ್ಮೇಲೆ ನೀನು ಸುಮ್ನೆ ಹಿಡ್ಕೊಂಡು ನಿಲ್ಲು, ತಂಗಿ. ಕೈ ಆಡಿಸ್ತಾ ಇರು. ಹುಡುಗಿ ಕೈಲಿ ಗಿಟಾರಿದ್ರೆ ಸ್ಟೇಜಿಗೊಂದು ಕಳೆ. ದನಿ ನಮ್ ಗುತ್ಯಪ್ಪನ ಮ್ಯಾಂಡೊಲಿನ್ ಕೊಡ್ತದೆ" ಅಂದ.

ಮುಂದಿನ ಮಳೆಗಾಲದವರೆಗೂ ಅವಳು ಹಾಗೆಯೇ ನಿಂತಳು. ಮದುವೆ ಮನೆಗಳಲ್ಲಿ, ಯುವಕ ಸಂಘದ ವೇದಿಕೆಗಳಲ್ಲಿ ದನಿಯಿಲ್ಲದ ತಂತಿಗಳ ಮೇಲೆ ಬೆರಳಾಡಿಸಿದಳು. ಒಮ್ಮೆ ಮದುವೆಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳು ಹತ್ತಿರ ಬಂದು ಅವಳ ಗಲ್ಲ ಸವರಿ, "ಎಷ್ಟ್ ಚೆಂದ ಬಾರಿಸ್ತೀಯೆ ಮಗಾ" ಅಂದಳು. ಆ ಹೆಂಗಸು ಕೇಳಿದ್ದು ಗುತ್ಯಪ್ಪನ ಮ್ಯಾಂಡೊಲಿನ್. ಶರಾವತಿ ಆ ದಿನ ಮದುವೆ ಊಟಕ್ಕೆ ಕೂರದೆ ಮನೆಗೆ ಹೊರಟಳು.

ಮುಂದಿನ ರಜೆಯಲ್ಲೇ ಅವಳು ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತಿ, ಸಾಗರದಲ್ಲಿ ರೇಡಿಯೋ ರಿಪೇರಿ ಮಾಡುವ ಕೆರಿಯಪ್ಪನ ಅಂಗಡಿಗೆ ಹೋದಳು. ಕೆರಿಯಪ್ಪ ಗೂಡಿನ ಮುಚ್ಚಳ ತೆಗೆದು ನೋಡಿ, ಕಪಾಟಿನಿಂದ ಪುಟ್ಟ ಚೌಕದ ಬ್ಯಾಟರಿ ತೆಗೆದ. ಗೂಡಿಗೆ ಹೇಳಿ ಮಾಡಿಸಿದಂತೆ ಕೂತಿತು. ಮೀಟರು ಹಿಡಿದರೆ ಮುಳ್ಳು ಅರ್ಧ ದಾರಿಗೇ ಸುಸ್ತಾಯಿತು.

"ಒಂಬತ್ತು ವೋಲ್ಟು ಬೇಕು, ಇದ್ರಲ್ಲಿ ಅಷ್ಟಿಲ್ಲ. ಈ ಸಣ್ಣ ಮಾಲು ಕೇಳೋರೇ ಇಲ್ಲ ತಂಗಿ, ಬಂದಲ್ಲೇ ಕೂತು ಕೂತು ಸತ್ತಿರ್ತದೆ" ಅಂದ.

ಆಮೇಲೆ ದೊಡ್ಡ ರೇಡಿಯೋಗೆ ಹಾಕುವ ಇಟ್ಟಿಗೆಯಂಥ ಬ್ಯಾಟರಿ ತೋರಿಸಿದ. ಅದರಲ್ಲಿ ಒಂಬತ್ತು ವೋಲ್ಟೂ ಇತ್ತು, ಕಸುವೂ ಇತ್ತು. ಆದರೆ ಗೂಡಿನೊಳಗೆ ಹೋಗುವ ಮಾತೇ ಇಲ್ಲ. ಬೆನ್ನಿಗೆ ಕಟ್ಟಿ ನೋಡಿದರೆ ಗಿಟಾರೇ ಒಂದು ಕಡೆಗೆ ವಾಲಿತು. ಹಿಡಿಸುವುದರಲ್ಲಿ ಜೀವವಿಲ್ಲ, ಜೀವವಿರುವುದು ಹಿಡಿಸುವುದಿಲ್ಲ. ಶರಾವತಿ ಬಂದ ದಾರಿಯಲ್ಲೇ ವಾಪಸಾದಳು.

ದಾರಿ ಹೊಳೆದದ್ದು ಎಕ್ಸ್‌ಚೇಂಜಿನಲ್ಲಿ. ಒಂದು ಬೆಳಿಗ್ಗೆ ಅರಣ್ಯ ಕಚೇರಿಯ ಫೋನಿನಿಂದ ಬಂದ ದನಿ ಬಾವಿಯೊಳಗಿಂದ ಬಂದಂತಿತ್ತು. ಅವಳಿಗೆ ಇದು ದಿನದ ಕೆಲಸ. ಲೈನ್‌ಮ್ಯಾನ್ ಭೂತಪ್ಪನನ್ನು ಕರೆದು, "ಅರಣ್ಯದೋರ ಫೋನಿನ ಸೆಲ್ಲು ಇಳ್ದಿದೆ, ಭೂತಪ್ಪಣ್ಣ. ಎರಡೂ ಬದಲಾಯಿಸಿ ಬನ್ನಿ" ಅಂದಳು. ಅಂದವಳು ಹಾಗೇ ನಿಂತಳು. ಒಂದು ಸೆಲ್ಲಿಗೆ ಒಂದೂವರೆ ವೋಲ್ಟು. ಆ ಫೋನಿನ ಪೆಟ್ಟಿಗೆಯೊಳಗೆ ಎರಡು ಸೆಲ್ಲು ಸಾಲಾಗಿ ಸೇರಿ ಮೂರು. ಹಾಗಾದರೆ ಆರು ಸಾಲಾಗಿ ಸೇರಿದರೆ ಒಂಬತ್ತು. ಪೆನ್ಸಿಲ್ ಸೆಲ್ಲು ಯಾವ ಅಂಗಡಿಯಲ್ಲೂ ಸಿಗುತ್ತದೆ, ದಿನಾ ಖರ್ಚಾಗುವ ಮಾಲು, ತಾಜಾ ಇರುತ್ತದೆ. ಗೂಡಿನಲ್ಲಿ ಹಿಡಿಸದಿದ್ದರೆ ಬೇಡ, ಗೂಡಿನ ಹೊರಗೇ ಇರಲಿ.

ಹೊರಗೆ ಅಂದರೆ ಎಲ್ಲಿ? ರಟ್ಟಿನ ಡಬ್ಬಿ ಮಾಡಿದಳು, ಲೊಡಲೊಡ ಅಂದಿತು. ಬಟ್ಟೆಯ ಚೀಲ ಹೊಲಿದಳು, ಒಳಗೆ ಸೆಲ್ಲುಗಳು ಜರುಗಿ ಸಂಪರ್ಕ ತಪ್ಪಿತು. ಮಗಳ ಪರದಾಟ ನೋಡುತ್ತಿದ್ದ ತಾಯಿ ಗುತ್ಯಮ್ಮ ಒಳಗೆ ಹೋಗಿ, ತೀರಿಕೊಂಡ ಗಂಡ ದುಗ್ಗಪ್ಪನ ತೋಟಾ ಪಟ್ಟಿ ತಂದು ಮುಂದಿಟ್ಟಳು. ಕೋವಿಯ ತೋಟಾಗಳನ್ನು ಸಾಲಾಗಿ ಸಿಕ್ಕಿಸಿ ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಚರ್ಮದ ಪಟ್ಟಿ ಅದು.

"ಇದ್ರಲ್ಲಿ ಕೂರ್ತದಾ ನೋಡು" ಅಂದಳು.

"ಅಪ್ಪಂದು. ವೈರಿಗೆ ಇದ್ರಲ್ಲಿ ತೂತು ಕೊರೀಬೇಕಾಗ್ತದಮ್ಮ."

"ಕೋವಿ ಸರ್ಕಾರಕ್ಕೆ ಕೊಟ್ಟಾಯ್ತು. ಪಟ್ಟಿ ಇಟ್ಕಂಡು ನಾನೆಂತ ಮಾಡ್ಲಿ? ಕೊರಿ."

ಸೆಲ್ಲಿಗೆ ದಪ್ಪ ಕಾಗದ ಸುತ್ತಿ ಸಿಕ್ಕಿಸಿದರೆ ತೋಟಾದಂತೆಯೇ ಬಿಗಿಯಾಗಿ ಕೂತವು. ಮತ್ತೆ ಸಾಗರಕ್ಕೆ ಒಯ್ದಾಗ ಕೆರಿಯಪ್ಪ ಆರನ್ನೂ ಒಂದರ ತಲೆಗೆ ಇನ್ನೊಂದರ ಬುಡ ಸೇರುವಂತೆ ವೈರಿನಿಂದ ಬೆಸೆದ. ಸತ್ತ ಚೌಕದ ಬ್ಯಾಟರಿಯ ತಲೆ ಕಿತ್ತು, ಎರಡು ವೈರುಗಳ ತುದಿಗೆ ಕೂರಿಸಿ ಗೂಡಿನ ಕ್ಲಿಪ್ಪಿಗೆ ಒತ್ತಿದ. ಮೀಟರಿನ ಮುಳ್ಳು ಒಂಬತ್ತು ದಾಟಿ ನಿಂತಿತು. ಪಟ್ಟಿಯನ್ನೇ ಗಿಟಾರಿನ ಹೆಗಲ ಪಟ್ಟಿಯಾಗಿ ಕಟ್ಟಿಕೊಂಡು ಶರಾವತಿ ಒಮ್ಮೆ ತಂತಿ ಮೀಟಿದಳು. ಅಂಗಡಿಯ ಸ್ಪೀಕರಿನ ದನಿಗೆ ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು.

ದೀಪಾವಳಿ ಮುಗಿದ ಮರುವಾರ ತೀರ್ಥಹಳ್ಳಿಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಸ್ಪರ್ಧೆಯಿತ್ತು. ಸಂಜೆ ವೇದಿಕೆಯ ಹಿಂದೆ ಅವಳ ಹೆಗಲ ಪಟ್ಟಿ ನೋಡಿ ಮುಕುಂದಯ್ಯ, "ಎಂತ ಇದು, ಬೇಟೆಗೆ ಹೊಂಟ್ಯಾ?" ಅಂದ.

"ಒಂದು ಹಾಡು ನಂಗೆ ಬಿಡಿ, ಮುಕುಂದಣ್ಣ. ದನಿ ಹೋದ್ರೆ ವೈರು ನಾನೇ ಕೀಳ್ತೀನಿ. ಆಮೇಲೆ ಈ ಕಡೆ ಬರೋದೇ ಇಲ್ಲ."

ಅವನು ಗುತ್ಯಪ್ಪನ ಕಡೆ ತಿರುಗಿದ. ಮ್ಯಾಂಡೊಲಿನ್ ಶ್ರುತಿ ಮಾಡುತ್ತಿದ್ದ ಗುತ್ಯಪ್ಪ ತಲೆಯೆತ್ತಿದ. "ಬಿಡಿ ಅಣ್ಣ. ಇಷ್ಟು ದಿನ ಅವಳ ಪಾಲಿಂದು ನಾನು ಬಾರಿಸಿ ಬಾರಿಸಿ ನಂಗೂ ಸಾಕಾಗಿದೆ."

ಸರದಿ ಬಂದಾಗ ಮುಕುಂದಯ್ಯ ಪಕ್ಕಕ್ಕೆ ಸರಿದ, ಶರಾವತಿ ಮುಂದಕ್ಕೆ ಬಂದು ನಿಂತಳು.  ಸಿನಿಮಾ ಹಾಡು ಹಿಡಿಯಲಿಲ್ಲ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬಂದು ಹಾಡುವ ಅಂಟಿಕೆ ಪಂಟಿಕೆಯವರ ಧಾಟಿಯನ್ನು, ಅಪ್ಪ ಆ ಗುಂಪಿನಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದ ಹಾಗೆಯೇ, ನಿಧಾನವಾಗಿ ತಂತಿಯ ಮೇಲೆ ಎತ್ತಿದಳು. ದನಿ ಒಡೆಯಲಿಲ್ಲ. ಚಟಪಟ ಅನ್ನಲಿಲ್ಲ. ಮೈದಾನದ ಕೊನೆಯವರೆಗೆ ತಿಳಿಯಾಗಿ ಹೋಯಿತು. ಗದ್ದಲ ಮಾಡುತ್ತಿದ್ದವರು ವೇದಿಕೆಯ ಕಡೆ ತಿರುಗಿದರು. ಸಾಲು ಮುಗಿಸಿ ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಯಾರೋ ಮುದುಕರು ಬಾಯಿಬಿಟ್ಟು ಹಿಮ್ಮೇಳದ ಸಾಲು ಹಾಡಿದರು. ಮುಂದಿನ ಸಾಲಿಗೆ ಹತ್ತಾರು ದನಿ. ಅದರ ಮುಂದಿನದಕ್ಕೆ ಇಡೀ ಮೈದಾನ. ಅವಳು ಎತ್ತಿಕೊಟ್ಟಳು, ಜನ ಹಿಡಿದರು. ಡ್ರಮ್ಮಿನವನು ತಡೆಯಲಾರದೆ ಸೇರಿಕೊಂಡ. ಗುತ್ಯಪ್ಪ ಅವಳ ದನಿಯನ್ನು ಮುಚ್ಚದಂತೆ ಮೆಲ್ಲಗೆ ಜೊತೆ ಕೊಟ್ಟ. 

ಮೊದಲ ಬಹುಮಾನ ಅವರಿಗೇ ಬಂತು. ಹಿತ್ತಾಳೆಯ ಕಪ್ಪು ತೆಗೆದುಕೊಳ್ಳಲು ಮುಕುಂದಯ್ಯನನ್ನು ಕರೆದರು. ಅವನು ಮೈಕಿನ ಹತ್ತಿರ ಹೋಗಿ, "ಗಿಟಾರ್, ಹೊಸನಗರದ ಶರಾವತಿ ದುಗ್ಗಪ್ಪ. ಕಪ್ಪು ಅವರೇ ತಗೋತಾರೆ" ಅಂದ.

ಮುಂದಿನ ಸಾಲಿನಲ್ಲಿ ಕೂತಿದ್ದ ಗುತ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದವಳಿಗೆ ಕೇಳಿಸುವಂತೆ, "ನನ್ ಮಗಳು" ಅಂದಳು. ಹಿಂದಿನಿಂದ ಜನ ಇನ್ನೊಂದು ಸಲ ಎಂದು ಕೂಗುತ್ತಿದ್ದರು. ಶರಾವತಿ ಕೆಳಗಿಳಿದು ಕಪ್ಪನ್ನು ಅಮ್ಮನ ಮಡಿಲಲ್ಲಿಟ್ಟು, ಮೆಟ್ಟಿಲು ಹತ್ತಿ ಮತ್ತೆ ವೇದಿಕೆಯ ನಡುವೆ ನಿಂತಳು.