ಪಾಸ್ಕುವಿನ ಮೂಲೆ

ಆ ಸಾಲು ಬಂದೊಡನೆ ಸೆರಾಫಿನ್ ಕೆಮ್ಮಿದಳು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಪರಲೋಕದ ತಂದೆಯನ್ನು ಕೇಳುವ ಸಾಲು ಅದು. ಹೋದ ಮಳೆಗಾಲದಿಂದ ಸಂಜೆಯ ಪ್ರಾರ್ಥನೆಯಲ್ಲಿ ಸರಿಯಾಗಿ ಅಲ್ಲಿಗೇ ಅವಳಿಗೆ ಕೆಮ್ಮು. ಮಗಳು ಐರಿನ್ ಮೊದಮೊದಲು ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟಳು. ಆಮೇಲೆ ಅವಳಿಗೂ ಗೊತ್ತಾಯಿತು, ಕಷಾಯ ನಿಲ್ಲಿಸಿದಳು.

ಆ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕುಂದಾಪ್ರ ಕನ್ನಡದಲ್ಲಿ. ಜಪಮಾಲೆಯನ್ನು ಮೊಳೆಗೆ ತೂಗುಹಾಕಿ ಐರಿನ್ ಕೇಳಿದಳು. "ನಾಡಿದ್ದ್ ಮೊಂತಿ ಹಬ್ಬ. ಇಗರ್ಜಿಗೆ ಹೊಸ ತೆನಿ ಕೊಡೂದ್ ಈ ಸಲ ನಮ್ಮನಿ ಲೆಕ್ಕ. ಭೋಜಣ್ಣನ್ ಗದ್ದಿಗೆ ಯಾರ್ ಹೋಪ್ದ್?"

"ಬೇರೆ ಎಲ್ಲಾದ್ರೂ ಸಿಕ್ಕತ್ತಾ ಕಾಣ್."

"ಎಲ್ಲಾ ಕಡೆಯೂ ಇನ್ನೂ ಹಸ್ರ್ ಅಮ್ಮ. ಹಣ್ಣಾದ್ದ್ ಅಪ್ಪನ್ ಮೂಲಿ ಒಂದೇ ಅಂಬ್ರ್."

ಗದ್ದೆಯ ಕಡೆಯ ಕಿಟಕಿಯನ್ನು ಸೆರಾಫಿನ್ ಮುಚ್ಚಿ ವರ್ಷ ದಾಟಿತ್ತು. ಮೂಲೆಯಲ್ಲಿ ಈ ಸಲ ಯಾರೋ ನೆಟ್ಟಿದ್ದಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮೊಂತಿ ಹಬ್ಬ ಮರಿಯಮ್ಮನ ಹುಟ್ಟುಹಬ್ಬ, ಹೊಸ ಬೆಳೆಯ ಹಬ್ಬವೂ ಹೌದು. ಆದರೆ ಆ ಹೊತ್ತಿಗೆ ಬ್ರಹ್ಮಾವರದ ಸುತ್ತ ಗದ್ದೆಗಳಲ್ಲಿ ಇನ್ನೂ ಹಾಲುಗಾಳು. ಅದಕ್ಕೇ ಭೋಜರಾಜನ ಅಪ್ಪನ ಕಾಲದಲ್ಲೇ, ಗೇಟಿನ ಪಕ್ಕದ ಮೂಲೆಯೊಂದನ್ನು ಪೊರ್ಬುಗಳ, ಎಂದರೆ ಊರಿನ ಕ್ರೈಸ್ತರ, ಹಬ್ಬಕ್ಕೆಂದು ಬಿಟ್ಟಿದ್ದರು. ಬೇಗ ಹಣ್ಣಾಗುವ ಬೀಜ ಹಾಕಿ ಅಲ್ಲಿ ನೇಜಿ ನೆಡುತ್ತಿದ್ದವನು ಸೆರಾಫಿನಳ ಗಂಡ ಪಾಸ್ಕು. ಅಂಚಿನ ಮೇಲೆ ಕೊಡೆ ಹಿಡಿದು ನಿಂತು ಊರ ಸುದ್ದಿಯೆಲ್ಲ ಹೇಳುತ್ತಿದ್ದವನು ಗದ್ದೆಯ ಯಜಮಾನ ಭೋಜರಾಜ. ಅವರಿಬ್ಬರ ಸ್ನೇಹ ನೋಡಿ ಹೆಂಡಂದಿರಿಗೆ ಹೊಟ್ಟೆಕಿಚ್ಚಾಗುವುದೂ ಇತ್ತು.

ಪಾಸ್ಕು ತೀರಿಕೊಂಡದ್ದು ನಾಗರಪಂಚಮಿಯ ಹಿಂದಿನ ದಿನ. ಇಗರ್ಜಿಗೆ ಹೋಗುವ ದಾರಿ ಭೋಜರಾಜನ ಗೇಟು ದಾಟಿ, ಅವನ ನಾಗಬನದ ಪಕ್ಕದಲ್ಲೇ ಹೋಗುತ್ತದೆ. ಮರುದಿನ ಶವಪೆಟ್ಟಿಗೆ ಹೊತ್ತು ಬಂದವರಿಗೆ ಕಂಡದ್ದು ಬೀಗ. ಒಳಗೆ ಬನದಲ್ಲಿ ನಾಗನಿಗೆ ಹಾಲು ಎಳನೀರಿನ ತನು ಎರೆಯುವ ಗಂಟೆ ಕೇಳುತ್ತಿತ್ತು. ಕರೆದರೂ ಯಾರೂ ಹೊರಗೆ ಬರಲಿಲ್ಲ. ಧೋ ಎಂದು ಸುರಿಯುವ ಮಳೆಯಲ್ಲಿ ಅಂಚು ಬಳಸಿ ಹೋಗುವಾಗ ಹೊತ್ತವನೊಬ್ಬ ಜಾರಿದ, ಪೆಟ್ಟಿಗೆಯ ತಲೆಯ ಭಾಗ ಕೆಸರಿಗೆ ಇಳಿಯಿತು. ಸೆರಾಫಿನ್ ತನ್ನ ಸೆರಗಿನಲ್ಲೇ ಅದನ್ನು ಒರೆಸಿದಳು. ಈಗಲೂ ಕನಸಿನಲ್ಲಿ ಅವಳು ಒರೆಸುತ್ತಲೇ ಇರುತ್ತಾಳೆ. ಒಳಗಿಂದ ಪಾಸ್ಕು, ಸಾಕು ಬಿಡೇ, ತಲೆ ತೊಳೆದ ಹಾಗಾಯ್ತು ಎಂದು ನಗುತ್ತಾನೆ. ಅವನಿಗೆ ಎಲ್ಲದಕ್ಕೂ ನಗೆ. ಎಚ್ಚರವಾದಾಗ ಅವಳಿಗೆ ಅವನ ಮೇಲೂ ಸಿಟ್ಟು ಬರುತ್ತಿತ್ತು.

ಐರಿನ್ ಕೇಳಿದ ಮರುದಿನ ಬೆಳಿಗ್ಗೆ ಕತ್ತಿ ಹಿಡಿದು ಹೋದವಳು ಅವಳೇ. ಗದ್ದೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ನಿಂತಿತ್ತು. ಹಸಿರಿನ ನಡುವೆ ಆ ಮೂಲೆಯೊಂದೇ ಹೊಂಬಣ್ಣಕ್ಕೆ ತಿರುಗಿ, ಇನ್ನೂ ಆರಿಸದ ದೀಪದಂತೆ ಕಂಡಿತು. ಉಳಿದ ಗದ್ದೆಯಲ್ಲಿ ಯಂತ್ರ ನೆಟ್ಟ ಸಾಲುಗಳು ನೂಲು ಹಿಡಿದ ಹಾಗಿದ್ದವು. ಮೂಲೆಯವು ಮಾತ್ರ ಕುಡಿದವರು ಮನೆಗೆ ಹೋಗುವ ಹಾಗೆ ಅತ್ತಿತ್ತ ವಾಲಿದ್ದವು. ಜನ್ಮದಲ್ಲಿ ಕೊಡೆ ಬಿಟ್ಟು ಸೊಂಟ ಬಗ್ಗಿಸದವನು ನೆಟ್ಟದ್ದು ಎಂದು ನೋಡಿದವರಿಗೇ ತಿಳಿಯುವಂತಿತ್ತು. ಸೆರಾಫಿನಳಿಗೆ ನಗು ಬಂತು. ಬಂದ ನಗುವಿಗೆ ಅವಳು ಅಲ್ಲೇ ಬೈದುಕೊಂಡಳು.

ಭೋಜರಾಜ ಅಂಚಿನ ಮೇಲೆ ಬಂದು ನಿಂತ. ಕೈಯಲ್ಲಿ ಕೊಡೆ ಇರಲಿಲ್ಲ.

"ಕೊಯ್ಕಣಿ ಬಾಯಮ್ಮ. ನಿಮ್ದೇ ಅಲ್ದಾ."

ಅವಳು ಒಂದು ಹಿಡಿ ಕೊಯ್ದು ನೆಟ್ಟಗಾದಳು. "ಭೋಜಣ್ಣ, ಆ ದಿನ ನೀವ್ ಬೀಗ ಹಾಕದ್ ನಂಗೆ ಮರ್ತ್ ಹೋಪ್ದಿಲ್ಲೆ."

"ನಂಗೂ ಇಲ್ಲೆ." ಅವನು ಬನದ ಕಡೆ ನೋಡಿದ. "ಬನಕ್ಕೆ ಸೂತಕ ತಾಗತ್ತ್ ಅಂದೇಳಿ ನಂಗೆ ನಾಗನ್ ಹೆದ್ರಿಕಿ ಇದ್ದಿತ್. ಪಾಸ್ಕುನ್ ಹೆದ್ರಿಕಿ ಇರ್ಲಿಲ್ಲ. ಅವ ನಮ್ಮವ, ಬೇಜಾರ್ ಮಾಡ್ಕಂತಿಲ್ಲ ಅಂದೇಳಿ ಹಾಕ್ದೆ."

"ಅವ ಮಾಡ್ಕಂತಿರ್ಲಿಲ್ಲ," ಎಂದಳು ಸೆರಾಫಿನ್. "ನಾನ್ ಮಾಡ್ಕಂಡೆ."

ತಪ್ಪಾಯಿತು ಎನ್ನುವ ಮಾತು ಭೋಜರಾಜನ ಬಾಯಿಯವರೆಗೆ ಬಂದಂತೆ ಕಂಡಿತು, ಆದರೆ ಆ ಮನೆತನದ ಗಂಡಸರಿಗೆ ಅದನ್ನು ಆಡಿ ಅಭ್ಯಾಸವಿಲ್ಲ. ಅವನು ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದು, ಅವಳು ಕೊಯ್ದ ತೆನೆಗಳನ್ನು ಒಂದೊಂದಾಗಿ ಜೋಡಿಸಿ ಬಾಳೆನಾರಿನಲ್ಲಿ ಕಟ್ಟಿಕೊಟ್ಟ. ಅವಳು ತೆಗೆದುಕೊಂಡು ಬಂದಳು. ಎದೆ ಹಗುರವಾಗಲಿಲ್ಲ. ಕ್ಷಮಿಸಲು ಬರದ ತನ್ನ ಮೇಲೆ ಅವಳಿಗೆ ನಾಚಿಕೆಯಾಯಿತು, ಅಷ್ಟೆ.

ಹಬ್ಬದ ದಿನ ಇಗರ್ಜಿಯಲ್ಲಿ ಮಕ್ಕಳು ಬುಟ್ಟಿಯಿಂದ ಹೂ ತೆಗೆದು ಪುಟ್ಟ ಮರಿಯಮ್ಮನ ಮೂರ್ತಿಯ ಮೇಲೆ ಎರಚಿದರು. ಗೊಂಡೆಹೂವಿನ ಎಸಳು, ಹಾಡು, ಧೂಪದ ಹೊಗೆ ಎಲ್ಲ ಬೆರೆತು ಸೆರಾಫಿನಳಿಗೆ ಕಣ್ಣು ತೆರೆದಿದ್ದರೂ ನಿದ್ದೆ ಬಂದಂತಾಯಿತು. ಪಕ್ಕದಲ್ಲಿ ಪಾಸ್ಕು ನಿಂತು ಗಂಟಲು ಸರಿಮಾಡಿಕೊಂಡ ಹಾಗೆ, ಅವನ ಒಗೆದ ಅಂಗಿಗೆ ಹಾಕಿದ ನೀಲಿಯ ವಾಸನೆ ಬಂದ ಹಾಗೆ. ಪಾದ್ರಿಗಳು ತೆನೆಗಳಿಗೆ ಪವಿತ್ರ ಜಲ ಚಿಮುಕಿಸಿದರು. ಆ ಸಾಲು ಬಂತು. ಅವಳು ಕೆಮ್ಮಿದಳು.

ಮನೆಗೆ ಬಂದು ಬಾಳೆಲೆ ಹಾಸಿ, ಸೆರಾಫಿನ್ ದೇವರ ಪಟದ ಮುಂದೆ ಕುಳಿತು ಹೊಸ ಭತ್ತವನ್ನು ಉಗುರಿನಿಂದ ಸುಲಿದಳು. ಸುಲಿದ ಕಾಳನ್ನು ಹಾಲಿಗೆ ಹಾಕುವುದು ಮನೆಯ ಹಿರಿಯರ ಕೆಲಸ. ಮನೆಯವರ ಒಬ್ಬೊಬ್ಬರ ಹೆಸರು ಹೇಳುತ್ತ ಹಾಕಬೇಕು, ದೂರದಲ್ಲಿದ್ದವರಿಗೂ ಪಾಲುಂಟು. ಪಾಸ್ಕು ಇದ್ದಾಗ ದುಬೈಯ ತಮ್ಮ, ಸತ್ತ ಅಪ್ಪ, ಕೊಟ್ಟಿಗೆಯ ಹಸು ಯಾರನ್ನೂ ಬಿಡುತ್ತಿರಲಿಲ್ಲ. ಹಾಲು ತಣಿಯುವವರೆಗೂ ಹೆಸರು ಮುಗಿಯುತ್ತಿರಲಿಲ್ಲ, ಅವಳು ರೇಗುತ್ತಿದ್ದಳು.

"ಐರಿನ್," ಎಂದು ಅವಳು ಕಾಳು ಹಾಕಿದಳು. "ಪಾಸ್ಕು," ಎಂದಳು. ಸ್ವಲ್ಪ ಹೊತ್ತು ಕೈ ಹಾಲಿನ ಮೇಲೆಯೇ ನಿಂತಿತು. ಬೆರಳ ಸಂದಿಯಲ್ಲಿ ಇನ್ನೊಂದಿಷ್ಟು ಕಾಳು ಅಂಟಿಕೊಂಡಿದ್ದವು. ಅವು ತಾವಾಗಿ ಬೀಳಲಿಲ್ಲ, ಅವಳೇ ಹೆಬ್ಬೆರಳಿನಿಂದ ಬಿಡಿಸಿದಳು.

"ಭೋಜರಾಜ."

ಐರಿನ್ ತಿರುಗಿ ನೋಡಿದಳು, ಕಪಾಟಿನಿಂದ ಇನ್ನೊಂದು ಲೋಟ ತೆಗೆದು ತಮ್ಮಿಬ್ಬರ ಲೋಟಗಳ ಪಕ್ಕ ಇಟ್ಟು ಮೂರಕ್ಕೂ ಹಾಲು ಬಗ್ಗಿಸಿದಳು. ಸೆರಾಫಿನ್ ಎದ್ದು ಗದ್ದೆಯ ಕಡೆಯ ಕಿಟಕಿಯ ಚಿಲಕ ಎಳೆದಳು. ಮಳೆಗೆ ಉಬ್ಬಿದ ಕಿಟಕಿಯ ಕದ ಸುಲಭಕ್ಕೆ ಬರಲಿಲ್ಲ, ಭುಜ ಕೊಟ್ಟು ದೂಡಬೇಕಾಯಿತು.

ಊಟದ ಮುಂಚಿನ ಪ್ರಾರ್ಥನೆಗೆ ತಾಯಿ ಮಗಳು ಕಣ್ಣು ಮುಚ್ಚಿದರು. ಆ ಸಾಲಿನ ಹತ್ತಿರ ಬಂದಾಗ ಐರಿನ್‌ಳ ದನಿ ತಗ್ಗಿತು, ಕೆಮ್ಮಿಗೆ ಜಾಗ ಬಿಡುವ ಹಾಗೆ. ಸೆರಾಫಿನಳ ದನಿ ಜಾರುವ ಅಂಚಿನ ಮೇಲೆ ಕಾಲಿಟ್ಟಂತೆ ಒಂದೊಂದೇ ಶಬ್ದ ಊರಿ, ಒಬ್ಬಂಟಿಯಾಗಿ ಮುಂದೆ ಹೋಯಿತು.

ತೆರೆದ ಕಿಟಕಿಯ ಬಿಸಿಲು ಮೂರನೆಯ ಲೋಟದ ಮೇಲೆ ಬಿದ್ದಿತ್ತು. ಹಾಲಿನೊಳಗೆ ಕಾಳುಗಳು ಒಂದೊಂದಾಗಿ ತಳಕ್ಕೆ ಇಳಿಯುತ್ತಿದ್ದವು.